ಬರೀ ತಾಯಿ

ಅವಳು ಕತ್ತಿಯಮ್ಮನನ್ನು ಮೊದಲ ಸಲ ಕಂಡಾಗ ಕತ್ತಿಯಮ್ಮ ಸಸಿಗಳ ಕತ್ತು ಕಡಿಯುತ್ತಿದ್ದಳು. ತೆಂಗಿನ ಸಸಿಗಳು. ಮೊಣಕಾಲುದ್ದ ಬೆಳೆದು, ಗರಿ ಬಿಟ್ಟು, ಬುಡದಲ್ಲಿ ಕಾಯಿಯನ್ನು ಇನ್ನೂ ಕಚ್ಚಿಕೊಂಡಿದ್ದವು. ಕತ್ತಿಯಮ್ಮ ತುದಿಗಾಲಲ್ಲಿ ಕುಕ್ಕರಿಸಿ ಕೂತು, ಎಡಗೈಯಲ್ಲಿ ಗರಿಗಳನ್ನು ಜುಟ್ಟು ಹಿಡಿದ ಹಾಗೆ ಹಿಡಿದು, ಗಿಡ ಕಾಯಿಯಿಂದ ಹೊರಡುವ ಜಾಗಕ್ಕೆ ಕತ್ತಿ ಇಳಿಸುತ್ತಿದ್ದಳು. ಒಂದೇ ಏಟು. ಕಾಯಿ ಒಂದು ಕಡೆ ಉರುಳಿದರೆ ಗರಿ ಇನ್ನೊಂದು ಕಡೆ ಬೀಳುತ್ತಿತ್ತು.

ಅದು ತೆಂಗಿನ ತಳಿ ತೋಟದ ಸಸಿಮಡಿ. ಮೇಲೆ ಹಸಿರು ಬಲೆ ಕಟ್ಟಿದ್ದರು. ಬಲೆಯ ನೆರಳು ಎಲ್ಲರ ಬೆನ್ನ ಮೇಲೂ ಚೌಕ ಚೌಕವಾಗಿ ಬಿದ್ದಿತ್ತು. ಅವಳಿಗೆ ಆಗಿನ್ನೂ ಮದುವೆಯಾಗಿರಲಿಲ್ಲ. ಅಪ್ಪ ಅಮ್ಮ ಇರಲಿಲ್ಲ, ಚಿಕ್ಕಮ್ಮನ ಮನೆಯಲ್ಲಿದ್ದಳು. ಇನ್ನೊಬ್ಬರ ಮಗಳಿಗೆ ಉಣ್ಣಲು ಹಾಕಿ ಹಾಕಿ ಚಿಕ್ಕಮ್ಮನಿಗೂ ಸಾಕಾಗಿತ್ತು. ಕೆಲಸ ಕೇಳೋಣ ಅಂತ ಕರೆದುಕೊಂಡು ಬಂದಿದ್ದಳು.

"ಚೆನ್ನಾಗೇ ಕಾಣ್ತವಲ್ಲ, ಯಾಕೆ ಕಡೀತೀರಿ?" ಅಂತ ಅವಳು ಬಾಯಿತಪ್ಪಿ ಕೇಳಿಬಿಟ್ಟಳು.

ಕತ್ತಿಯಮ್ಮ ತಲೆ ಎತ್ತಲಿಲ್ಲ. "ಚೆನ್ನಾಗಿ ಕಾಣೋದಕ್ಕೇ ಕಡಿಯೋದು. ಬೇಲಿ ಆಚೆ ಎಸೆದ್ರೆ ಯಾರಾದ್ರೂ ಎತ್ಕೊಂಡು ಹೋಗಿ ನೆಡ್ತಾರೆ. ಮರ ಆದ್ಮೇಲೆ ಕಾಯಿಲ್ಲ ಅಂತ ನಮಗೆ ಶಾಪ ಹಾಕ್ತಾರೆ. ನೋಡ್ತಾ ನಿಂತ್ಕೋಬೇಡ, ತುಂಡು ಎತ್ತು."

ಅವಳು ಎತ್ತಿದಳು. ಒಂದು ಬುಟ್ಟಿ ತುಂಬಿ ಹೊತ್ತುಕೊಂಡು ಹೋಗಿ ಗುಂಡಿಗೆ ಸುರಿದು ಬಂದಳು. ಹೋಗುವಾಗಲೂ ಬರುವಾಗಲೂ ಕತ್ತಿಯಮ್ಮ ಅವಳ ಕಾಲನ್ನೇ ನೋಡುತ್ತಿದ್ದಳು. ಆಮೇಲೆ ಹತ್ತಿರ ಕರೆದು ಅಂಗೈ ನೋಡಿದಳು, ಕಾಲ ಹರಡನ್ನು ಎರಡು ಬೆರಳಲ್ಲಿ ಒತ್ತಿ ನೋಡಿದಳು. ಮಾತು ಆಡಿದ್ದು ಚಿಕ್ಕಮ್ಮನ ಹತ್ತಿರ. "ಬೆನ್ನು ನೇರ ಇದೆ. ಬುಡ ದಪ್ಪ ಇದೆ. ನಾಳೆಯಿಂದ ಬರಲಿ."

ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಅದೇ ಬಾಯಿಂದ ಇನ್ನೊಂದು ಮಾತು ಬಂತು. ಕತ್ತಿಯಮ್ಮ ಚಿಕ್ಕಮ್ಮನ ಮನೆ ಬಾಗಿಲಿಗೆ ಬಂದು, ಒಳಗೂ ಹೋಗದೆ, "ನಿಮ್ಮ ಹುಡುಗೀನ ನನ್ನ ಮಗನಿಗೆ ಕೊಡಿ" ಅಂದಳು. ಚಿಕ್ಕಮ್ಮ ಎರಡು ಸಲ ಕೇಳಿಸಿಕೊಳ್ಳಲಿಲ್ಲ, ಒಂದೇ ಸಲಕ್ಕೆ ಹೂಂ ಅಂದಳು.

ಮಡಿಯಲ್ಲಿ ಇವಳ ಪಕ್ಕ ಕೂತು ಕೆಲಸ ಮಾಡುವ ಹೆಂಗಸೊಬ್ಬಳಿದ್ದಳು. ದಿನವಿಡೀ ವಟಗುಟ್ಟುತ್ತಿದ್ದದ್ದಕ್ಕೆ ಅವಳನ್ನು ಗಿಳಿ ಅನ್ನುತ್ತಿದ್ದರು. ಸುದ್ದಿ ಕೇಳಿ ಗಿಳಿ ಮಣ್ಣಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು. "ಆರಿಸಿಬಿಟ್ಟಳಲ್ಲೇ ನಿನ್ನನ್ನ! ಇಡೋ ಸಾಲಿಗೋ ಕಡಿಯೋ ಸಾಲಿಗೋ, ಅದೊಂದನ್ನ ಕೇಳ್ಕೊಂಡು ಒಳಗೆ ಹೋಗು."

ಅವಳೂ ನಕ್ಕಳು. ಆಗ ನಗು ಬರುತ್ತಿತ್ತು.

ಕತ್ತಿಯಮ್ಮನ ಕೆಲಸ ಏನು ಅಂತ ಹೇಳದೆ ಮುಂದಿನದು ತಿಳಿಯುವುದಿಲ್ಲ. ತೋಟದಲ್ಲಿ ಎರಡು ಬಗೆಯ ತೆಂಗು. ಗಿಡ್ಡ ಮರ ಬೇಗ ಫಲ ಕೊಡುತ್ತದೆ, ಆದರೆ ಗಟ್ಟಿ ಅಲ್ಲ. ಎತ್ತರದ ಮರ ಗಟ್ಟಿ, ಆದರೆ ಫಲಕ್ಕೆ ವರ್ಷಗಟ್ಟಲೆ ಕಾಯಿಸುತ್ತದೆ. ಎರಡನ್ನೂ ಕೂಡಿಸಿದರೆ ಬೇಗ ಫಲ ಕೊಡುವ, ಜಾಸ್ತಿ ಕಾಯಿ ಬಿಡುವ, ಗಾಳಿಗೆ ನಿಲ್ಲುವ ಮರ ಬರುತ್ತದೆ. ಅದಕ್ಕೆ ಗಿಡ್ಡ ಮರವನ್ನು ತಾಯಿ ಮಾಡಿ, ಹೊಂಬಾಳೆ ಬಿಚ್ಚಿದ ಕೂಡಲೇ ಅದರ ಗಂಡು ಹೂಗಳನ್ನೆಲ್ಲ ಕೈಯಲ್ಲೇ ಕಿತ್ತು, ಉಳಿದ ಹೆಣ್ಣು ಹೂಗಳಿಗೆ ಬಟ್ಟೆಯ ಚೀಲ ಕಟ್ಟುತ್ತಿದ್ದರು. ಹೂವು ಅಂಟಂಟಾದಾಗ ಎತ್ತರದ ಮರದ ಹೂಪುಡಿಯನ್ನು ಚೀಲದೊಳಕ್ಕೆ ಊದುತ್ತಿದ್ದರು. ಊದಿದ ಪುಡಿ ಹಿಡಿಯಿತೋ, ಅಥವಾ ಚೀಲ ಸಡಿಲವಾಗಿ ಪಕ್ಕದ ಗಿಡ್ಡ ಮರದ ಪುಡಿ ಗಾಳಿಯಲ್ಲಿ ಬಂದು ಸೇರಿತೋ ಅನ್ನುವುದು ಕಾಯಿ ಮೊಳೆತ ಮೇಲೇ ಗೊತ್ತಾಗುವುದು. ಗಿಡ್ಡ ತಾಯಿ ಮರದ ಬಣ್ಣ ಕಿತ್ತಳೆ. ಮೊಳಕೆಯ ದಂಟು ಕಂದಾಗಿ ಬಂದರೆ ಎತ್ತರದ ತಂದೆ ಒಳಗೆ ಇದ್ದಾನೆ, ಇಡು. ದಂಟು ತಾಯಿಯ ಹಾಗೆ ಕಿತ್ತಳೆಯಾಗಿಯೇ ಬಂದರೆ ಬೇಕಾದ ತಂದೆ ಅದರಲ್ಲಿಲ್ಲ, ಕಡಿ. ಕಡಿಯಬೇಕಾದ ಸಸಿಗೆ ಮಡಿಯವರು ಇಟ್ಟ ಹೆಸರು 'ಬರೀ ತಾಯಿ'.

ಬಣ್ಣ ಯಾವಾಗಲೂ ಅಷ್ಟು ಬಿಡಿಸಿ ಹೇಳಿದ ಹಾಗೆ ಇರುವುದಿಲ್ಲ. ಕಿತ್ತಳೆಗೂ ಕಂದಿಗೂ ನಡುವೆ ಬೇಕಾದಷ್ಟು ಬಣ್ಣಗಳಿವೆ. ಅಲ್ಲಿ ಎಲ್ಲರೂ ತಡವರಿಸುತ್ತಿದ್ದರು, ಕತ್ತಿಯಮ್ಮ ತಡವರಿಸುತ್ತಿರಲಿಲ್ಲ. ಸಾಲಿನ ಮೇಲೆ ಕಣ್ಣು ಹಾಯಿಸುತ್ತಾ "ಇಡು, ಇಡು, ಬರೀ ತಾಯಿ, ಇಡು, ಬರೀ ತಾಯಿ" ಅನ್ನುತ್ತಾ ನಡೆದರೆ ಹಿಂದೆ ಬರುವವರಿಗೆ ಕೈ ಸಾಲುತ್ತಿರಲಿಲ್ಲ. ತೋಟದ ಸಾಹೇಬರೂ ಅವಳ ಕಣ್ಣಿಗೆ ಎದುರಾಡುತ್ತಿರಲಿಲ್ಲ. ಕತ್ತಿಯಮ್ಮ ಅನ್ನುವ ಹೆಸರನ್ನು ಅವಳ ಬೆನ್ನ ಹಿಂದೆ ಹೇಳುತ್ತಿದ್ದರು. ಎದುರಿಗೆ ಮೇಸ್ತ್ರಿಯಮ್ಮ.

ಚೀಲ ಕಟ್ಟಿ ಪುಡಿ ಊದುವ ಕೆಲಸ ಅವಳ ಮಗನದು. ಅವನು ಮೆತ್ತಗಿನ ಮನುಷ್ಯ. ಕರಿ ಮೈ, ಉದ್ದ ಬೆರಳು. ಬಲಹುಬ್ಬಿನ ಕೂದಲು ಮಾತ್ರ ಮೇಲ್ಮುಖವಾಗಿ ನಿಂತಿರುತ್ತಿತ್ತು, ಯಾರೋ ಹಿಂದಕ್ಕೆ ಬಾಚಿದ ಹಾಗೆ. ಅವನು ಹೆಬ್ಬೆರಳನ್ನು ನಾಲಗೆಗೆ ಮುಟ್ಟಿಸಿ ಅದನ್ನು ಒತ್ತುತ್ತಿದ್ದ, ಅದು ಮತ್ತೆ ಏಳುತ್ತಿತ್ತು. ಮದುವೆಯಾದ ಹೊಸದರಲ್ಲಿ ಅವಳೇ ಒತ್ತುತ್ತಿದ್ದಳು. "ನಿಮ್ಮಮ್ಮನ ಎದುರಿಗೆ ತಲೆ ಎತ್ತೋದು ಇದೊಂದೇ" ಅಂತ ಛೇಡಿಸುತ್ತಿದ್ದಳು. ಅವನು ನಗುತ್ತಿದ್ದ, ಆದರೆ ಬಾಗಿಲ ಕಡೆ ನೋಡಿಕೊಂಡು.

ಹೆಣ್ಣು ಮಗು ಹುಟ್ಟಿತು. ಹೆರಿಗೆ ಕೋಣೆಯಲ್ಲಿ ಒಂದು ಕಬ್ಬಿಣದ ಮಂಚ, ಒಂದು ಕಿಟಕಿ. ಕತ್ತಿಯಮ್ಮ ಮಡಿಯಿಂದ ನೇರವಾಗಿ ಬಂದಳು, ಉಗುರಿನಲ್ಲಿ ಮಣ್ಣು ಹಾಗೇ ಇತ್ತು. ಮಗುವನ್ನು ಎತ್ತಿ ಎದೆಗೆ ಒತ್ತಿಕೊಳ್ಳಲಿಲ್ಲ, ಕಿಟಕಿಯ ಬೆಳಕಿಗೆ ಹಿಡಿದಳು. ಕಿವಿ ಮಡಿಸಿ ನೋಡಿದಳು. ಬೆರಳು ಬಿಡಿಸಿದಳು. ಹಿಮ್ಮಡಿ ತಿರುಗಿಸಿದಳು. ಅಪ್ಪನ ಕರಿ ಮೈ ಇರಲಿಲ್ಲ, ಉದ್ದ ಬೆರಳಿರಲಿಲ್ಲ, ಹುಬ್ಬು ಇದೆಯೋ ಇಲ್ಲವೋ ಅನ್ನುವ ಹಾಗಿತ್ತು. ಮಗು ತಾಯಿಯನ್ನೇ ಅಚ್ಚು ಒತ್ತಿದಂತಿತ್ತು.

"ಬರೀ ತಾಯಿ" ಅಂದಳು ಕತ್ತಿಯಮ್ಮ.

ಮಗ ತಮಾಷೆ ಅಂದುಕೊಂಡು ನಗಲು ಹೋದ.

"ನಗಬೇಡ. ನಿನ್ನದು ಒಂದೂ ಇಲ್ಲ ಇದರಲ್ಲಿ. ಬಣ್ಣ ಅವಳದು, ಕಿವಿ ಅವಳದು, ಬೆರಳು ಅವಳದು. ಚೀಲ ಎಲ್ಲೋ ಬಿಚ್ಚಿಕೊಂಡಿದೆ." ಮಗುವನ್ನು ತಾಯಿಯ ಪಕ್ಕದಲ್ಲಿ ಇಟ್ಟಳು. ಎಸೆಯಲಿಲ್ಲ, ನಿಧಾನವಾಗಿಯೇ ಇಟ್ಟಳು. ಕೈ ಒರೆಸಿಕೊಂಡಳು.

ಅಷ್ಟರಲ್ಲಿ ದಾದಿ ಬಂದು, "ಏನಂತಾರೆ ಅಜ್ಜಿ, ಮಗು ಯಾರ ಹಾಗಿದೆಯಂತೆ?" ಅಂತ ಎಲ್ಲರೂ ಕೇಳುವ ಹಾಗೆ ಕೇಳಿದಳು. ಆಮೇಲೆ ಆ ಮನೆಯಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

ಮನೆಗೆ ಬಂದ ಮೇಲೆ ಅವಳು ಗಂಡನನ್ನು ಹಿಡಿದು ನಿಲ್ಲಿಸಿದಳು. "ನೀವು ನಂಬ್ತೀರಾ ಅದನ್ನ?"

ಅವನು ಹೆಬ್ಬೆರಳಲ್ಲಿ ಹುಬ್ಬು ಒತ್ತಿಕೊಂಡ. "ಅಮ್ಮನ ಕಣ್ಣು ತಪ್ಪಿದ್ದು ನಾನು ನೋಡಿಲ್ಲ" ಅಂದ. ಬೈಯಲಿಲ್ಲ, ಹೊಡೆಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಹೊರಗೆ ಹಾಕುತ್ತಾರೆ ಅಂತ ಅವಳು ಬಟ್ಟೆ ಗಂಟು ಕಟ್ಟಿಕೊಂಡು ಕೂತಿದ್ದಳು. ಕತ್ತಿಯಮ್ಮ ಗಂಟನ್ನು ನೋಡಿ, "ಬಿಚ್ಚಿಡು. ಕೆಲಸಕ್ಕೆ ಬೆನ್ನಿದೆ, ಇರು" ಅಂದಳು. ಮಗುವಿನ ಮಾತು ಎತ್ತಲಿಲ್ಲ. ಅಂದಿನಿಂದ ಅವಳ ಬಾಯಲ್ಲಿ ಮಗುವಿಗೆ ಹೆಸರಿರಲಿಲ್ಲ. ಅದು ಅತ್ತಿತು, ಅದಕ್ಕೆ ಹಾಕು, ಅದನ್ನ ಆಚೆ ಮಲಗಿಸು. ಮಗು ನಡೆಯಿತು, ಮಾತು ಕಲಿಯಿತು, ಎರಡು ಜಡೆ ಹಾಕಿಕೊಂಡು ಓಡಾಡುವಷ್ಟಾಯಿತು, ಅಜ್ಜಿಯ ಬಾಯಲ್ಲಿ ಅದು ಅದಾಗಿಯೇ ಉಳಿಯಿತು. ಹುಡುಗಿ ಮೂಲೆಯಲ್ಲಿ ಗುದ್ದಲಿ, ನೀರಿನ ಕೊಳವೆ, ಹಳೇ ಚೀಲಗಳ ಪಕ್ಕ ಮಲಗುತ್ತಿದ್ದಳು.

ಆದರೂ ಅವಳಿಗೆ ಅಪ್ಪ ಅಂದರೆ ಜೀವ. ಅವನು ಏಣಿ ಹಾಕಿ ಗಿಡ್ಡ ಮರಕ್ಕೆ ಹತ್ತಿದರೆ ಕೆಳಗೆ ಏಣಿಯ ಕಾಲನ್ನು ತಬ್ಬಿಕೊಂಡು ನಿಲ್ಲುತ್ತಿದ್ದಳು. "ದೂರ ಹೋಗು, ಚೀಲಕ್ಕೆ ತಾಗುತ್ತೆ" ಅನ್ನುತ್ತಿದ್ದ ಅವನು. ಮೇಲಿನ ಚೀಲಕ್ಕೆ ಕೆಳಗಿನ ಹುಡುಗಿ ಹೇಗೆ ತಾಗುತ್ತಾಳೆ?

ಒಮ್ಮೆ ಅವಳು ಅತ್ತೆಯ ಕಾಲ ಬಳಿ ಕೂತು ಕೇಳಿಯೂ ಕೇಳಿದಳು. "ಅತ್ತೆ, ನನ್ನನ್ನ ಏನು ಬೇಕಾದ್ರೂ ಅನ್ನಿ. ಆ ಒಂದು ಮಾತು ಮಾತ್ರ ವಾಪಸ್ ತಗೊಳ್ಳಿ. ನೀವು ಹೇಳಿದ್ರೆ ಅವರು ಮಗೂನ ಎತ್ಕೋತಾರೆ."

"ಕಡಿದ ಸಸೀನ ಅಂಟಿಸೋಕೆ ಬರುತ್ತಾ ನಿನಗೆ?" ಅಂದಳು ಕತ್ತಿಯಮ್ಮ. "ಬಂದ್ರೆ ಹೇಳು, ನಾನೂ ಕಲೀತೀನಿ."

ಹುಡುಗಿಗೆ ಐದು ತುಂಬುವ ಹೊತ್ತಿಗೆ ಸಾಹೇಬರು ಹೊಸ ತಂದೆ ಮರವೊಂದನ್ನು ಆರಿಸಿದರು. ಪಂಪು ಮನೆಯ ಹಿಂದಿದ್ದ ಎತ್ತರದ ಮರ. ಅಂಥ ಗೊನೆ ತೋಟದಲ್ಲೇ ಇನ್ನೊಂದರಲ್ಲಿ ಇರಲಿಲ್ಲ. ಎಲ್ಲರೂ ಅದನ್ನು ಪಂಪಿನ ಮರ ಅನ್ನುತ್ತಿದ್ದರು. ಅದರ ಪುಡಿಯನ್ನು ಒಂದು ಸಾಲು ಗಿಡ್ಡ ತಾಯಿಮರಗಳಿಗೆ ಅವಳ ಗಂಡನೇ ಊದಿದ. ಗಂಡು ಹೂ ಕೀಳುವಾಗ ಅವಳು ಕೆಳಗೆ ಬುಟ್ಟಿ ಹಿಡಿದಿದ್ದಳು. ಚೀಲದ ಬಾಯಿಗೆ ಹತ್ತಿ ಸುತ್ತಿ, ಮೇಲೆ ದಾರ ಬಿಗಿದು, ಗಂಟನ್ನು ಎರಡು ಸಲ ಎಳೆದು ನೋಡಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

ಕಾಯಿ ಬಲಿಯಿತು, ಮಡಿಗೆ ಬಂತು, ಮೊಳೆಯಿತು. ನೋಡಿದರೆ ಸರಿಸುಮಾರು ಅರ್ಧಕ್ಕರ್ಧ ಕಿತ್ತಳೆ ದಂಟು.

ಕತ್ತಿಯಮ್ಮ ಕೂತಳು. ಕಾಯಿ ಒಂದು ಕಡೆ, ಗರಿ ಒಂದು ಕಡೆ. ರಾಶಿ ಬೆಳೆಯಿತು. ಸಾಹೇಬರು ಓಡಿ ಬಂದರು. "ಏನು ಮೇಸ್ತ್ರಿಯಮ್ಮ ಇದು, ಇಷ್ಟೊಂದು?"

ಮಗ ಅಲ್ಲೇ ನಿಂತಿದ್ದ. ಕತ್ತಿಯಮ್ಮ ಅವನ ಕಡೆ ಕತ್ತಿ ತೋರಿಸಿ, "ಚೀಲ ಸರಿಯಾಗಿ ಕಟ್ಟಿಲ್ಲ ಸಾಹೇಬ್ರೇ. ಕೈ ಸಡಿಲ" ಅಂದಳು.

"ಅಮ್ಮಾ, ನಾನೇ ಗಂಟು ಎಳೆದು ನೋಡಿದ್ದೀನಿ."

"ನೀನು ನೋಡಿದ್ದು ನಿನಗೆ. ದಂಟು ಹೇಳ್ತಾ ಇರೋದು ನನಗೆ."

ಅವಳು ಬಾಯಿ ಹಾಕಿದಳು. "ನಾನೂ ನೋಡಿದ್ದೀನಿ ಸಾಹೇಬ್ರೇ, ಚೀಲ ಬಿಗಿಯಾಗೇ ಇತ್ತು."

ಕತ್ತಿಯಮ್ಮ ಸೊಸೆಯನ್ನು ಕಾಲಿಂದ ತಲೆಯವರೆಗೆ ನೋಡಿದಳು. "ಚೀಲದ ವಿಷಯ ಇವಳು ಹೇಳಬೇಕಾ?"

ಮಡಿಯ ಹೆಂಗಸರಲ್ಲಿ ಒಬ್ಬಿಬ್ಬರು ಕಿಸಕ್ಕೆಂದರು. ಗಿಳಿ ಕೂಡ ತಲೆ ತಗ್ಗಿಸಿದಳು, ನಗು ಅಡಗಿಸಲಿಕ್ಕೋ ನಾಚಿಕೆಗೋ ಗೊತ್ತಾಗಲಿಲ್ಲ. ಸಾಹೇಬರು ಅಲ್ಲೇ ತೀರ್ಮಾನ ಮಾಡಿದರು. ಚೀಲದ ಕೆಲಸ ಬೇರೆಯವರಿಗೆ, ಇವನು ಎತ್ತರದ ಮರ ಹತ್ತಿ ಕಾಯಿ ಇಳಿಸುವ ಗುಂಪಿಗೆ. ಹೆತ್ತ ಮಗ ಅಂತಲೂ ಬಿಡಲಿಲ್ಲ ನೋಡು ಅಂತ ತೋಟದವರೆಲ್ಲ ಕತ್ತಿಯಮ್ಮನನ್ನು ಹೊಗಳಿದರು. ಅವಳು ಆ ದಿನ ಎರಡು ತುತ್ತು ಜಾಸ್ತಿಯೇ ಉಂಡಳು.

ಸಂಜೆ ಗಂಡ ಹಿತ್ತಿಲಲ್ಲಿ ಕೈ ತೊಳೆಯುತ್ತಿದ್ದ. ತೊಳೆದದ್ದನ್ನೇ ತೊಳೆಯುತ್ತಿದ್ದ. ಅವಳು ಹಿಂದೆ ನಿಂತು ಹೇಳಿದಳು. "ನೀವು ಸರಿಯಾಗೇ ಕಟ್ಟಿದ್ರಿ. ನಿಮಗೂ ಗೊತ್ತು. ಅಂದ್ರೆ ಅಮ್ಮನ ಕಣ್ಣು ತಪ್ಪಿತು."

ಅವನು ತಿರುಗಿದ. ಮೆಟ್ಟಿಲ ಮೇಲೆ ಹುಡುಗಿ ಕೂತು ಕಾಲಿನಿಂದ ಮಣ್ಣಿನಲ್ಲಿ ಗೆರೆ ಎಳೆಯುತ್ತಿದ್ದಳು. ಅವನು ಅವಳನ್ನು ನೋಡಿದ, ಬಹಳ ಹೊತ್ತು ನೋಡಿದ. ಅಮ್ಮನ ಕಣ್ಣು ಚೀಲದ ವಿಷಯದಲ್ಲಿ ತಪ್ಪಿದ್ದರೆ ಇಲ್ಲಿಯೂ ತಪ್ಪಿರಬೇಕು. ಇಲ್ಲಿ ತಪ್ಪಿದ್ದರೆ ಆರು ವರ್ಷ ಅವನು ತನ್ನ ಮಗಳನ್ನೇ ದೂರ ಹೋಗು ಅಂದ ಹಾಗಾಯಿತು. ಅದು ಅವನ ಮುಖದ ಮೇಲೆ ಬಂದು ಹೋದದ್ದನ್ನು ಅವಳು ಕಂಡಳು.

"ಇಲ್ಲ. ಕಟ್ಟುವಾಗ ನನ್ನ ಕೈಯೇ ಸಡಿಲ ಆಗಿರಬೇಕು" ಅಂದ.

ಆರು ವರ್ಷ ತಪ್ಪು ಮಾಡಿದ ಅಪ್ಪ ಅನ್ನಿಸಿಕೊಳ್ಳುವುದಕ್ಕಿಂತ ಕೆಟ್ಟ ಕೆಲಸಗಾರ ಅನ್ನಿಸಿಕೊಳ್ಳುವುದು ಅವನಿಗೆ ಹಗುರವಾಗಿ ಕಂಡಿತು.

ಗಿಡ್ಡ ಮರದ ಏಣಿಗೆ ಒಗ್ಗಿದ ಕಾಲು ಎತ್ತರದ ಮರಕ್ಕೆ ಒಗ್ಗಲಿಲ್ಲ. ಆ ವರ್ಷದ ಗಾಳಿ ಕಾಲದಲ್ಲಿ, ಕಾಂಡ ಇನ್ನೂ ಒದ್ದೆ ಇದ್ದಾಗ, ಅವನು ಗೊನೆಯ ಜೊತೆಗೇ ಕೆಳಗೆ ಬಂದ. ಬೆನ್ನು ಮುರಿಯಿತು. ಮುಂದಿನ ಕೋಣೆಯಲ್ಲಿ ಹಾಸಿಗೆ ಹಾಕಿ ಮಲಗಿಸಿದರು. ಕಾಲು ಅಲ್ಲಾಡುತ್ತಿರಲಿಲ್ಲ, ಮಾತು ಇತ್ತು. ಹುಡುಗಿ ಲೋಟದಲ್ಲಿ ನೀರು ತಂದು ತಲೆದೆಸೆಯಲ್ಲಿ ನಿಂತಳು. ನೀರು ತುಳುಕದ ಹಾಗೆ ಎರಡು ಕೈಯಲ್ಲೂ ಹಿಡಿದಿದ್ದಳು.

"ಅಪ್ಪಾ, ಕುಡಿಸ್ಲಾ?"

ಅವನು ಗೋಡೆಯ ಕಡೆ ಮುಖ ತಿರುಗಿಸಿದ. "ಇಟ್ಟು ಹೋಗು."

ಹುಡುಗಿ ಇಟ್ಟು ಹೋದಳು. ಆ ನೀರನ್ನು ಅವನು ಕುಡಿಯಲಿಲ್ಲ. ಬೆಳಗಾಗುವಷ್ಟರಲ್ಲಿ ಅದರಲ್ಲಿ ಇರುವೆ ಬಿದ್ದಿತ್ತು, ಅವನಿಗೆ ಜ್ವರ ಏರಿತ್ತು. ಆ ಜ್ವರ ಇಳಿಯಲೇ ಇಲ್ಲ. ಹುಡುಗಿ ಅಪ್ಪನ ಬಾಯಿಂದ ಕೇಳಿದ ಕೊನೆಯ ಮಾತು ಅದು.

ಕತ್ತಿಯಮ್ಮ ಅತ್ತಳು. ಅಳಲಿಲ್ಲ ಅಂದರೆ ಸುಳ್ಳಾಗುತ್ತದೆ. ಹೆಣದ ಹುಬ್ಬಿನ ಕೂದಲನ್ನು ಒತ್ತಿ ಒತ್ತಿ ಅತ್ತಳು. ಅತ್ತು ಮುಗಿಸಿ ಸೊಸೆಯ ಕಡೆ ತಿರುಗಿ, "ನನಗೆ ಒಂದು ಮೊಮ್ಮಗು ಕೂಡ ಕೊಡಲಿಲ್ಲ ನೀನು ಅವನಿಂದ" ಅಂದಳು. ಹುಡುಗಿ ಬಾಗಿಲಲ್ಲೇ ನಿಂತಿದ್ದಳು.

ಸಾಹೇಬರ ಮನಸ್ಸಿನಲ್ಲಿ ಮಾತ್ರ ಆ ಸಾಲು ಕೊರೆಯುತ್ತಲೇ ಇತ್ತು. ಸಡಿಲ ಚೀಲವಾದರೆ ಒಂದು ಮರದಲ್ಲಿ ಜಾಸ್ತಿ ಕೆಡಬೇಕು, ಇನ್ನೊಂದರಲ್ಲಿ ಕಡಿಮೆ. ಪ್ರತಿ ಮರದಲ್ಲೂ ಅಳೆದ ಹಾಗೆ ಅರ್ಧ ಕೆಡುವುದು ಹೇಗೆ? ಮುಂದಿನ ಸಲ ಅವರೇ ಏಣಿ ಹತ್ತಿದರು. ಎರಡು ಚೀಲ ಒಂದರ ಮೇಲೊಂದು ಕಟ್ಟಿ, ಪಂಪಿನ ಮರದ ಪುಡಿಯನ್ನು ತಮ್ಮ ಕೈಯಿಂದಲೇ ಊದಿದರು. ಆ ಕಾಯಿ ಮೊಳೆತ ದಿನ ಮಡಿಯವರನ್ನೆಲ್ಲ ಕರೆದರು. ಮತ್ತೆ ಅರ್ಧ ಕಂದು, ಅರ್ಧ ಕಿತ್ತಳೆ.

"ಚೀಲದ ತಪ್ಪಲ್ಲ" ಅಂದರು ಸಾಹೇಬರು. "ಈ ಮರದ ಒಳಗೇ ಕಿತ್ತಳೆ ಅಡಗಿದೆ. ಹೊರಗೆ ಕಾಣಲ್ಲ. ಅರ್ಧ ಮಕ್ಕಳಿಗೆ ಕಂದು ಕೊಡುತ್ತೆ, ಅರ್ಧಕ್ಕೆ ಅಡಗಿರೋದನ್ನ ಕೊಡುತ್ತೆ. ಅಡಗಿರೋದು ತಾಯಿ ಬಣ್ಣದ ಜೊತೆ ಸೇರಿದ್ರೆ ಸಸಿ ತಾಯಿ ಹಾಗೇ ಕಾಣುತ್ತೆ. ಆದ್ರೆ ತಂದೆ ಇದೇ ಮರ. ಕಂದು ಬಂದಿಲ್ಲ ಅಂದ ಮಾತ್ರಕ್ಕೆ ತಂದೆ ಇಲ್ಲ ಅಂತಲ್ಲ."

ಗಿಳಿಗೆ ತಡೆಯಲಾಗಲಿಲ್ಲ. "ಹಾಗಾದ್ರೆ ಆವತ್ತು ಕಡಿದದ್ದೆಲ್ಲ?"

"ಒಳ್ಳೇ ಸಸಿಗಳೇ. ಅವನು ಚೀಲ ಸರಿಯಾಗೇ ಕಟ್ಟಿದ್ದ. ಅವನನ್ನ ಮರ ಹತ್ತಿಸಿದ್ದು ನಾನು, ಆ ತಪ್ಪು ನನ್ನದೂ ಹೌದು."

ಎಲ್ಲರ ಕಣ್ಣು ಒಮ್ಮೆ ಕತ್ತಿಯಮ್ಮನ ಮೇಲೆ, ಒಮ್ಮೆ ಸೊಸೆಯ ಮೇಲೆ. ಅವಳ ಕೈಯಲ್ಲಿ ಒಂದು ಕಿತ್ತಳೆ ದಂಟಿನ ಸಸಿ ಇತ್ತು. ಅದನ್ನು ಅವಳು ಬಿಡಲಿಲ್ಲ. ಕತ್ತಿಯಮ್ಮ ಕತ್ತಿಯನ್ನು ಸೆರಗಿನಲ್ಲಿ ಒರೆಸಿದಳು, ಒಂದು ಮಗ್ಗುಲು, ಆಮೇಲೆ ಇನ್ನೊಂದು ಮಗ್ಗುಲು.

"ಕಡಿದದ್ದು ಕಡಿದಾಯ್ತು" ಅಂದಳು. "ಇವತ್ತಿನ ಕೆಲಸ ಏನು ಹೇಳಿ ಸಾಹೇಬ್ರೇ."

ಆ ಸಂಜೆ ಅವಳು ಮಗಳ ಕೈಯಿಂದಲೇ ಅತ್ತೆಗೆ ತಟ್ಟೆ ಇಡಿಸಿದಳು. ಈಗ ಹೇಳುತ್ತಾಳೆ ಅಂತ ಕಾದಳು. ಒಂದು ಮಾತು ಸಾಕಾಗಿತ್ತು. ತಪ್ಪಾಯಿತು ಅನ್ನುವುದೂ ಬೇಡ, ಹುಡುಗಿಯನ್ನು ಹೆಸರು ಹಿಡಿದು ಕರೆದರೂ ಸಾಕಿತ್ತು. ಕತ್ತಿಯಮ್ಮ ಅನ್ನ ಕಲಸಿದಳು, ತಿಂದಳು, "ಉಪ್ಪು ಸಾಲದು" ಅಂದಳು.

"ಸಾಹೇಬರು ಹೇಳಿದ್ದು ಕೇಳಿಸ್ತಾ ಅತ್ತೆ?"

"ಕಿವಿ ನೆಟ್ಟಗಿದೆ. ಕೇಳಿಸ್ತು. ಅವರು ಹೇಳಿದ್ದು ಮರದ ಮಾತು."

"ಇಷ್ಟು ವರ್ಷ ನೀವು ಹೇಳಿದ್ದೂ ಮರದ ಮಾತೇ ಅಲ್ವಾ? ಮರದ ಮಾತಿಗೇ ಅಲ್ವಾ ನನ್ನ ಮಗಳು ಮೂಲೆ ಸೇರಿದ್ದು?"

ಕತ್ತಿಯಮ್ಮನ ಕೈ ತಟ್ಟೆಯಲ್ಲೇ ನಿಂತಿತು. "ಕೇಳಿಸ್ಕೊಳ್ಳಬೇಕಾದವನು ಹೋದ. ಇನ್ನು ಯಾರಿಗೆ ಬೇಕು ಆ ಮಾತು?" ಅಂದಳು.

ಹುಡುಗಿ ನೀರಿನ ಚೊಂಬು ಹಿಡಿದುಕೊಂಡು ನಿಂತಿದ್ದಳು. "ನನಗೆ ಬೇಕು ಅಜ್ಜಿ" ಅಂದಳು.

ಕತ್ತಿಯಮ್ಮ ಅವಳ ಕಡೆ ನೋಡಲಿಲ್ಲ. ಸೊಸೆಗೆ ಹೇಳಿದಳು. "ಅದಕ್ಕೆ ಮಲಗೋಕೆ ಹೇಳು."

ಆಮೇಲೆ ಹುಡುಗಿ ಕೇಳಲಿಲ್ಲ. ಬೆಳೆದಳು, ದೂರದ ಊರಿನ ಬಡಗಿಯೊಬ್ಬನನ್ನು ಮದುವೆಯಾದಳು, ಹೋದಳು. ಹೋಗುವಾಗ ಅಜ್ಜಿಯ ಕೋಣೆಯ ಕಡೆ ತಿರುಗಲಿಲ್ಲ. ಕಾಗದ ಇಲ್ಲ, ಬರುವುದಿಲ್ಲ. ತಾಯಿಯೇ ವರ್ಷಕ್ಕೊಮ್ಮೆ ಹೋಗಿ ನೋಡಿಕೊಂಡು ಬರುತ್ತಿದ್ದಳು.

ಕತ್ತಿಯಮ್ಮನ ಕಣ್ಣಿಗೆ ಪೊರೆ ಬರತೊಡಗಿದ್ದು ಆ ದಿನಗಳಲ್ಲೇ. ಯಾರಿಗೂ ಹೇಳಲಿಲ್ಲ. ಆದರೆ ಸಾಲಿನಲ್ಲಿ ಅವಳ ಹೆಜ್ಜೆ ನಿಧಾನವಾಯಿತು. ಸೊಸೆಯನ್ನು ಪಕ್ಕಕ್ಕೆ ಹಾಕಿಕೊಂಡು, ಬೇರೆಯವರಿಗೆ ಕೇಳದಷ್ಟು ಮೆಲ್ಲಗೆ, ಬಾಯಿ ಅಲ್ಲಾಡಿಸದೆ ಕೇಳುತ್ತಿದ್ದಳು. "ಇದು ಯಾರ ಹಾಗಿದೆಯೇ?" ಅವಳು "ತಂದೆ" ಅಥವಾ "ತಾಯಿ" ಅನ್ನುತ್ತಿದ್ದಳು. ಕತ್ತಿಯಮ್ಮ ಅದನ್ನೇ ಗಟ್ಟಿಯಾಗಿ "ಇಡು" ಅಥವಾ "ಬರೀ ತಾಯಿ" ಅಂತ ಕೂಗುತ್ತಿದ್ದಳು. ಪಂಪಿನ ಮರದ ಸಾಲನ್ನು ಕತ್ತಿಗೆ ಸೇರಿಸಬಾರದು ಅಂತ ಸಾಹೇಬರು ಹೇಳಿಬಿಟ್ಟಿದ್ದರು. ಉಳಿದ ಸಾಲುಗಳಲ್ಲಿ ಸೊಸೆ ಒಂದು ಸಸಿಯ ಮೇಲೂ ಸುಳ್ಳು ಹೇಳಲಿಲ್ಲ. ಹೇಳಿದ್ದರೆ ಕತ್ತಿಯಮ್ಮನ ಮಾನ ಒಂದೇ ದಿನದಲ್ಲಿ ಮಣ್ಣಾಗುತ್ತಿತ್ತು. ಗಿಳಿ ಅದನ್ನು ಕಂಡುಹಿಡಿದು ಪಿಸುಗುಟ್ಟಿದಳು. "ಒಂದು ಸಲ ತಿರುಗಿಸಿ ಹೇಳೇ! ನಿನ್ನ ಜಾಗದಲ್ಲಿ ನಾನಿದ್ದಿದ್ರೆ ತೋಟ ಪೂರ್ತಿ ಕಡಿಸಿಬಿಡ್ತಿದ್ದೆ."

"ಸಸಿ ಏನು ಮಾಡಿದವು?" ಅಂದಳು ಅವಳು.

ಕೊನೆಗೆ ಹೊಸ ಸಾಹೇಬರು ಬಂದರು. ಕೆಲಸದವರನ್ನೆಲ್ಲ ಸಾಲಾಗಿ ನಿಲ್ಲಲು ಹೇಳಿ, ಕಣ್ಣೆದುರು ಬೆರಳು ಹಿಡಿದು ಎಷ್ಟು ಅಂತ ಕೇಳುತ್ತಾ ನಡೆದರು. ನೀವಿರಿ, ನೀವಿರಿ, ನೀವು ಬೇಡ, ನೀವಿರಿ. ಕತ್ತಿಯಮ್ಮನ ಮುಂದೆ ಒಂದು ಗಳಿಗೆಯೂ ಜಾಸ್ತಿ ನಿಲ್ಲಲಿಲ್ಲ. ಅವಳು ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮನೆಗೆ ಬಂದಳು. ದಾರಿಯಲ್ಲಿ ಎರಡು ಕಡೆ ಎಡವಿದಳು. ಸೊಸೆ ಹಿಂದೆಯೇ ಬರುತ್ತಿದ್ದಳು, ಕೈ ಹಿಡಿಯಲಿಲ್ಲ.

ಬರಬರುತ್ತಾ ಕಣ್ಣು ಪೂರ್ತಿ ಹೋಯಿತು, ಆಮೇಲೆ ಕಾಲೂ ಹೋಯಿತು. ಮಗ ಮಲಗಿದ್ದ ಜಾಗದಲ್ಲೇ ಹಾಸಿಗೆ ಬಿತ್ತು. ಸೊಸೆ ಅವಳನ್ನು ನೋಡಿಕೊಂಡದ್ದರಲ್ಲಿ ಯಾರೂ ಬೆರಳು ತೋರಿಸುವ ಹಾಗಿರಲಿಲ್ಲ. ಬೆನ್ನಿಗೆ ಹುಣ್ಣಾಗದ ಹಾಗೆ ಹೊರಳಿಸುತ್ತಿದ್ದಳು. ಉಗುರು ಕತ್ತರಿಸುತ್ತಿದ್ದಳು. ಬಟ್ಟೆ ಒದ್ದೆಯಾದರೆ ಮೂಗು ಸಿಂಡರಿಸದೆ ಬದಲಾಯಿಸುತ್ತಿದ್ದಳು. ಮಾತು ಮಾತ್ರ ಕೊಡುತ್ತಿರಲಿಲ್ಲ. ಹೊರಗೆ ಬೆಳಗಾಯಿತಾ, ಯಾರು ಬಂದರು, ಆಕಾಶ ಹೇಗಿದೆ, ಎಷ್ಟು ಸಲ ಕೇಳಿದರೂ ಉತ್ತರವಿಲ್ಲ. ಕತ್ತಿಯಮ್ಮ ಗೋಡೆಯ ಬಿಸಿ ಮುಟ್ಟಿ ಹೊತ್ತು ತಿಳಿಯಬೇಕಾಗಿತ್ತು.

"ಯಾಕೆ ಸಾಯಿಸ್ತಾ ಇದ್ದೀಯ ನನ್ನನ್ನ ಹೀಗೆ?" ಅಂತ ಒಮ್ಮೆ ಚೀರಿದಳು.

"ಹೊಟ್ಟೆಗೆ ಹಾಕ್ತಾ ಇದ್ದೀನಲ್ಲ" ಅಂದಳು ಅವಳು. ಚಮಚೆ ತುಂಬಿ ಬಾಯಿಗೆ ಇಟ್ಟಳು.

ಮನೆ ಕೈಬಿಟ್ಟು ಹೋಗಬಾರದು ಅಂತ ಸೇವೆ ಮಾಡುತ್ತಾಳೆ ಅಂತ ಗಿಳಿ ಊರೆಲ್ಲ ಹೇಳಿಕೊಂಡು ಬಂದಳು. ಮನೆಯ ಆಸೆ ಅವಳಿಗೆ ಇರಲಿಲ್ಲ ಅಂತಲ್ಲ. ಆದರೆ ಅವಳು ಕಾಯುತ್ತಿದ್ದದ್ದು ಆ ಬಾಯಿಯನ್ನು. ಬಾಯಿ ಒರೆಸುವಾಗಲೂ, ಹಲ್ಲಿಲ್ಲದ ಒಸಡು ತೊಳೆಯುವಾಗಲೂ, ಈ ಬಾಯಿಂದಲೇ ಹೊರಟದ್ದು ಈ ಬಾಯಿಗೇ ವಾಪಸ್ ಬರಬೇಕು ಅಂತ ಕಾಯುತ್ತಿದ್ದಳು. ಸತ್ತುಹೋದರೆ ಆ ಮಾತು ಮಗಳ ಮೈಮೇಲೆ ಹಾಗೇ ಉಳಿದುಬಿಡುತ್ತದೆ.

ಒಂದು ಮಧ್ಯಾಹ್ನ ಮಗಳು ಬಂದಳು. ಹೇಳದೆ ಕೇಳದೆ ಬಂದಳು, ಕಂಕುಳಲ್ಲಿ ಬಟ್ಟೆ ಸುತ್ತಿದ ಗಂಡು ಮಗು. ಹೊಸ್ತಿಲ ಮೇಲೆ ನಿಂತು, "ಅವರಿಗೆ ತೋರಿಸೋಕೆ ಬಂದಿಲ್ಲ. ನಿನಗೆ ತೋರಿಸೋಕೆ ಬಂದೆ ಅಮ್ಮ. ಒಳಗೆ ಬರಲ್ಲ" ಅಂದಳು.

ತಾಯಿ ಬಟ್ಟೆ ಸರಿಸಿದಳು. ಕರಿ ಮೈ. ಬೆರಳು ಉದ್ದುದ್ದ. ಬಲಹುಬ್ಬಿನ ಕೂದಲು, ಅಷ್ಟು ಎಳೆ ಕೂದಲು, ಮೇಲಕ್ಕೆ ನಿಂತಿತ್ತು. ಅವಳು ಹೆಬ್ಬೆರಳನ್ನು ನಾಲಗೆಗೆ ಮುಟ್ಟಿಸಿ ಮೆಲ್ಲಗೆ ಒತ್ತಿದಳು. ಕೈ ತೆಗೆದ ಕೂಡಲೇ ಅದು ಮತ್ತೆ ಎದ್ದು ನಿಂತಿತು.

ಮಗಳಿಗೆ ಅದು ಗೊತ್ತಿರಲಿಲ್ಲ. ಅಪ್ಪನ ಮುಖವನ್ನು ಅಷ್ಟು ಹತ್ತಿರದಿಂದ ಅವಳು ಯಾವತ್ತೂ ನೋಡಿರಲಿಲ್ಲ. "ಯಾಕಮ್ಮ ಅಳ್ತೀಯ? ಹುಬ್ಬಿಗೇನಾಯ್ತು?" ಅಂದಳು.

ಮಗು ಅತ್ತಿತು. ಒಳಗಿನ ಹಾಸಿಗೆ ಕಿರ್ ಅಂದಿತು.

"ಯಾರದು? ಮಗು ಯಾರದು?" ಅಂತ ಕತ್ತಿಯಮ್ಮನ ಸ್ವರ.

ಮಗಳು ಸೆರಗು ಎಳೆದು ಮಗುವಿನ ಮುಖ ಮುಚ್ಚಿದಳು. ತಾಯಿ ಒಬ್ಬಳೇ ಒಳಗೆ ಹೋದಳು. ಕತ್ತಿಯಮ್ಮ ಎರಡು ಕೈಗಳನ್ನೂ ಮುಂದಕ್ಕೆ ಚಾಚಿ, ಬೆರಳು ಬಿಡಿಸಿ, ಗಾಳಿಯಲ್ಲಿ ಹುಡುಕುತ್ತಿದ್ದಳು. ಅಳು ಬರುವ ದಿಕ್ಕಿಗೆ ತಿರುಗಿದ್ದಳು.

"ಬಂದಿದ್ದಾಳಾ? ಕೈಗೆ ಕೊಡು ಒಮ್ಮೆ. ಮುಟ್ಟಿ ನೋಡ್ತೀನಿ."

ಹೊರಗಿನಿಂದ ಮಗಳು ಹೇಳಿದಳು. "ಬೇಡಮ್ಮ. ಅವರ ಕೈಗೆ ಕೊಡಲ್ಲ ನಾನು."

ಚಾಚಿದ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು, ಆಮೇಲೆ ಹಾಸಿಗೆಯ ಮೇಲೆ ಬಿತ್ತು. ಒಂದು ಕೈ ಹೊದಿಕೆಯ ಮೇಲೆ ಹರಿದಾಡಿ ಸೊಸೆಯ ಮಣಿಕಟ್ಟನ್ನು ಹುಡುಕಿ ಹಿಡಿಯಿತು. ಹಿಡಿತದಲ್ಲಿ ಇನ್ನೂ ಕತ್ತಿ ಹಿಡಿದ ಬಲ ಇತ್ತು. ಕತ್ತಿಯಮ್ಮ ಅವಳನ್ನು ಹತ್ತಿರಕ್ಕೆ ಎಳೆದುಕೊಂಡು, ಬೇರೆಯವರಿಗೆ ಕೇಳದಷ್ಟು ಮೆಲ್ಲಗೆ, ಮಡಿಯ ಸಾಲಿನಲ್ಲಿ ಕೇಳುತ್ತಿದ್ದ ಹಾಗೆ, ಬಾಯಿ ಅಲ್ಲಾಡಿಸದೆ ಕೇಳಿದಳು.

"ಅವಳ ಮಗು ಯಾರ ಹಾಗಿದೆಯೇ?"